ಬಟ್ಟಲಲ್ಲಿ ಬೆಳೆದ ಕರುಳು

ಮನೆಯಲ್ಲಿ ವಾಂತಿ-ಭೇದಿ ಹೊಕ್ಕರೆ ಮೊದಲು ಮಲಗುವವರು ಇಬ್ಬರು: ಏಳು ವರ್ಷದ ಮೊಮ್ಮಗಳು, ಎಪ್ಪತ್ತು ದಾಟಿದ ನಾನು. ಕಳೆದ ಚಳಿಗಾಲದಲ್ಲೂ ಹಾಗೇ ಆಯಿತು. ಅವಳು ಎರಡೇ ದಿನಕ್ಕೆ ಎದ್ದು ಕುಣಿದಾಡಿದಳು. ನನಗೆ ಡ್ರಿಪ್ ಹಾಕಬೇಕಾಯಿತು. "ಅಜ್ಜಿ, ಇದಕ್ಕೆ ಔಷಧಿನೇ ಇಲ್ವಾ? ಬರೀ ಓಆರ್‌ಎಸ್ ನೀರಾ?" ಎಂದಳು. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಹೇಳಿದವಳು ನಾನು, ಓದಲು ಕೂತೆ.

ವಾಂತಿ ತರುವ ವೈರಸ್‌ಗಳಲ್ಲಿ ಮಹಾ ಮೊಂಡ ನೊರೊವೈರಸ್. 1968ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ನಾರ್ವಾಕ್ ಊರಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳೂ ಟೀಚರುಗಳೂ ಸಾಲುಸಾಲಾಗಿ ಕಾಯಿಲೆ ಬಿದ್ದರು. 1972ರಲ್ಲಿ ಆ ವೈರಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು; ಊರಿನ ಹೆಸರೇ ಅದಕ್ಕೆ ಅಂಟಿಕೊಂಡಿತು. ಕಂಡದ್ದೇನೋ ಸರಿ, ಬೆಳೆಸುವುದು ಹೇಗೆ? ಜೀವಕೋಶದೊಳಗೆ ಹೊಕ್ಕರೆ ಮಾತ್ರ ವೈರಸ್ ಹೆಚ್ಚುತ್ತದೆ. ವಿಜ್ಞಾನಿಗಳು ಒಂದಾದ ಮೇಲೊಂದು ಬಗೆಯ ಕೋಶ ಕೊಟ್ಟು ನೋಡಿದರು, ಅದಕ್ಕೆ ಹಿಡಿಸಲಿಲ್ಲ. ಬೆಳೆಸಲಾಗದ ವೈರಸ್ಸಿಗೆ ಔಷಧಿ ಪರೀಕ್ಷಿಸುವುದಾದರೂ ಹೇಗೆ ಹೇಳಿ?

ನಮ್ಮ ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ, ಮಕ್ಕಳೇ. ಅದರ ಪುಟ್ಟ ಕುಳಿಗಳಲ್ಲಿ ಅಡಗಿರುವ ಸ್ಟೆಮ್ ಸೆಲ್ ಎಂಬ ಆಕರಕೋಶಗಳೇ ಹೊಸ ಕೋಶಗಳನ್ನು ಹೆರುವುದು. 2009ರಲ್ಲಿ ನೆದರ್ಲೆಂಡ್ಸಿನ ಹಾನ್ಸ್ ಕ್ಲೆವರ್ಸ್, ತೋಶಿರೊ ಸಾಟೊ ಮತ್ತು ಸಂಗಡಿಗರು ಇಲಿಯ ಅಂಥ ಒಂದು ಕೋಶವನ್ನು ಜೆಲ್ಲಿಯಂಥ ವಸ್ತುವಿನಲ್ಲಿಟ್ಟು ಪೋಷಿಸಿದರು. ಅದು ಒಳಗೆ ಪೊಳ್ಳಿರುವ, ಮಡಿಕೆ ಮಡಿಕೆಯಾದ ಪುಟಾಣಿ ಕರುಳಾಗಿ ಬೆಳೆಯಿತು! ಮುಂದೆ ಮನುಷ್ಯರ ಕರುಳಿನ ಚೂರಿನಿಂದಲೂ ಹಾಗೇ ಬೆಳೆಸಿದರು.

2016ರಲ್ಲಿ ಹ್ಯೂಸ್ಟನ್ನಿನ ಮೇರಿ ಎಸ್ಟೆಸ್ ಅವರ ತಂಡ ಇಂಥ ಮಾನವ ಕರುಳಿನ ಕೋಶಗಳಲ್ಲಿ ನೊರೊವೈರಸ್ ಬೆಳೆಸಿಯೇಬಿಟ್ಟಿತು. ಕೆಲವು ತಳಿಗಳು ಆಗಲೂ ಹಟ ಮಾಡಿದವು. ಪಿತ್ತರಸ ಬೆರೆಸಿದ ಮೇಲೆ ಒಲಿದವು. ವಾಂತಿಯಾದಾಗಲೆಲ್ಲ ನಮ್ಮಮ್ಮ "ಪಿತ್ತ ಕೆರಳಿದೆ" ಅನ್ನುತ್ತಿದ್ದರು. ಅವರ ಪಿತ್ತವೇ ಬೇರೆ, ಈ ಪಿತ್ತವೇ ಬೇರೆ. ಆದರೂ ಓದುವಾಗ ನಗು ಬಂತು.

ಯಾವುದು ಈ ವೈರಸ್ಸನ್ನು ಕೊಲ್ಲುತ್ತದೆ ಎಂದು ಈಗ ಈ ಕರುಳುಗಳಲ್ಲೇ ನೋಡಬಹುದು. ಕ್ಲೋರಿನ್ನಿಗೆ ಅದು ಸಾಯುತ್ತದೆ. ಆಲ್ಕೊಹಾಲಿಗೆ ಪೂರ್ತಿ ಬಗ್ಗುವುದಿಲ್ಲ. ಹಾಗಾಗಿ ನಮ್ಮನೆ ಊಟದ ಮೇಜಿನಿಂದ ಸ್ಯಾನಿಟೈಸರ್ ಬಾಟಲಿ ಎದ್ದಿದೆ, ಎಲ್ಲರೂ ನಲ್ಲಿ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆಯಬೇಕು.

ಲಸಿಕೆಗಾಗಿ ಇನ್ನೂ ಕಾಯಬೇಕು. ಬಟ್ಟಲ ಕರುಳಿನಲ್ಲಿ ರಕ್ತ ಹರಿಯುವುದಿಲ್ಲ, ರೋಗದ ವಿರುದ್ಧ ಹೋರಾಡುವ ಕೋಶಗಳೂ ಸಾಮಾನ್ಯವಾಗಿ ಇರುವುದಿಲ್ಲ. ಮೊಮ್ಮಗಳು ಎರಡೇ ದಿನಕ್ಕೆ ಎದ್ದಾಗ ನನಗೇಕೆ ಡ್ರಿಪ್ ಬೇಕಾಯಿತು ಎಂಬುದನ್ನು ಅದೊಂದೇ ಹೇಳಲಾರದು.