ಬೈಸಿಕಲ್ಲಿನ ಊರಿನಲ್ಲಿ ಮುತ್ತಜ್ಜನ ಜಾಡು

ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದ ಪ್ರಯಾಣಿಕನು ಸುಮಾರು ಒಂದು ಗಂಟೆಯಲ್ಲಿ ಕಾವೆಂಟ್ರಿಯನ್ನು ಸೇರುತ್ತಾನೆ. ಇಲ್ಲಿಗೆ ಬರುವವರಲ್ಲಿ ಬಹುಮಂದಿ ನೋಡಬಯಸುವುದು ಯುದ್ಧದಲ್ಲಿ ಸುಟ್ಟ ಹಳೆಯ ಇಗರ್ಜಿಯನ್ನು ಮತ್ತು ಅದರ ಮಗ್ಗುಲಲ್ಲಿಯೇ 1962ರಲ್ಲಿ ಪ್ರತಿಷ್ಠೆಗೊಂಡ ಹೊಸದನ್ನು. ಆದರೆ ಆಗೊಬ್ಬ ಈಗೊಬ್ಬ ಬೇರೊಂದು ಉದ್ದೇಶದಿಂದ ಬರುವುದುಂಟು. ಅವನ ಚೀಲದಲ್ಲಿ ಹಳೆಯ ಜನಗಣತಿಯ ಒಂದು ಹಾಳೆಯ ಪ್ರತಿ ಇರುತ್ತದೆ. ಅದರಲ್ಲಿ ಮುತ್ತಜ್ಜನ ಹೆಸರು, ವಯಸ್ಸು, ವಾಸದ ಬೀದಿ. ಉದ್ಯೋಗದ ಅಂಕಣದಲ್ಲಿ ‘ಬೈಸಿಕಲ್ ತಯಾರಕ’ ಎಂಬ ಎರಡೇ ಮಾತು. ಆ ಎರಡು ಮಾತಿನ ಹಿಂದಿದ್ದ ಮನುಷ್ಯನನ್ನು ಅರಸಿಕೊಂಡು ಅವನು ಬಂದಿರುತ್ತಾನೆ.

ನಿಲ್ದಾಣದಿಂದ ಪೇಟೆಯತ್ತ ನಡೆದರೆ ಗ್ರೇಫ್ರೈಯರ್ಸ್ ಗ್ರೀನ್ ಎಂಬ ಹಸುರು ಬಯಲಿನಲ್ಲಿ ಜೇಮ್ಸ್ ಸ್ಟಾರ್ಲಿಯ ಸ್ಮಾರಕ ಕಾಣುತ್ತದೆ. ಸಸೆಕ್ಸಿನ ರೈತನೊಬ್ಬನ ಮಗನಾದ ಸ್ಟಾರ್ಲಿ ಈ ಊರಿಗೆ ಬಂದದ್ದು ಹೊಲಿಗೆ ಯಂತ್ರ ಮಾಡಲು. 1868ರ ಸುಮಾರಿಗೆ ಅದೇ ಕಾರ್ಖಾನೆಗೆ ಸಂಬಂಧಿಸಿದ ತರುಣನೊಬ್ಬ ಪ್ಯಾರಿಸಿನಿಂದ ಎರಡು ಚಕ್ರದ ಹೊಸ ವಾಹನವೊಂದನ್ನು ತಂದನು. ಮರುವರ್ಷವೇ ಕಾರ್ಖಾನೆ ಅಂಥವನ್ನು ತಯಾರಿಸಲು ತೊಡಗಿತು. ಚಕ್ರದ ಕಡ್ಡಿಗಳನ್ನು ಓರೆಯಾಗಿ ಬಿಗಿಯುವ ಕ್ರಮಕ್ಕೆ 1874ರಲ್ಲಿ ಹಕ್ಕುಪತ್ರ ಪಡೆದವನು ಸ್ಟಾರ್ಲಿ. ಇಂದಿಗೂ ನಮ್ಮ ಬೀದಿಗಳಲ್ಲಿ ಓಡುವ ಸೈಕಲ್ಲಿನ ಚಕ್ರದಲ್ಲಿ ಕಾಣುವುದು ಆ ಕಟ್ಟನ್ನೇ. 1881ರಲ್ಲಿ ಅವನು ತೀರಿಕೊಂಡನು. ಮೂರು ವರ್ಷಗಳಲ್ಲಿ ಸ್ಮಾರಕ ಎದ್ದಿತು. ಅವನ ಸಹೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ‘ರೋವರ್’ ಎಂಬ ಸೈಕಲ್ಲನ್ನು ಲೋಕದ ಮುಂದಿಟ್ಟನು. ಹೆಚ್ಚುಕಡಿಮೆ ಸಮನಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಸರಪಳಿ. ಎತ್ತರದ ಚಕ್ರದ ಮೇಲಿಂದ ಉರುಳಿಬೀಳುವ ಭಯ ಅಲ್ಲಿಗೆ ಮುಗಿಯಿತು. ಪೋಲೆಂಡಿನ ಜನರು ಇಂದಿಗೂ ಬೈಸಿಕಲ್ಲನ್ನು ‘ರೋವೆರ್’ ಎಂದೇ ಕರೆಯುತ್ತಾರೆ.

ಈ ಊರಿನಲ್ಲಿಯೇ ಈ ಕಸುಬು ಏಕೆ ಬೇರೂರಿತು? ಅದನ್ನು ತಿಳಿಯಲು ಹಳೆಯ ಬೀದಿಗಳಿಗೆ ಹೋಗಬೇಕು. ಕಾಲುವೆಯ ದಂಡೆಯ ಮೇಲೆ ಕ್ಯಾಶ್ ಸಹೋದರರು 1857ರಲ್ಲಿ ಕಟ್ಟಿಸಲಾರಂಭಿಸಿದ ನೇಕಾರರ ಮನೆಗಳಿವೆ. ಕೆಳಗೆ ಸಂಸಾರ, ಮೇಲಿನ ಅಂತಸ್ತಿನಲ್ಲಿ ಬೆಳಕು ತುಂಬಿ ಬರುವಂಥ ದೊಡ್ಡ ಕಿಟಕಿಗಳು, ಅವುಗಳ ಹಿಂದೆ ರೇಷ್ಮೆಯ ರಿಬ್ಬನ್ ನೇಯುವ ಮಗ್ಗ. ನೂರು ಮನೆಗಳ ಯೋಜನೆ ಅರ್ಧಕ್ಕೇ ನಿಂತಿತು. 1860ರ ಒಪ್ಪಂದದಿಂದ ಫ್ರಾನ್ಸಿನ ರಿಬ್ಬನ್ನು ಸುಂಕವಿಲ್ಲದೆ ಒಳಬಂದಾಗ ಕಾವೆಂಟ್ರಿಯ ಮಗ್ಗಗಳು ನಿಶ್ಶಬ್ದವಾದವು. ಸಾವಿರಾರು ಜನರು ಊರನ್ನೇ ತೊರೆದರು. ಉಳಿದವರು ಕೆಲಸಕ್ಕಾಗಿ ಕಾದಿದ್ದರು. ಚಾಪೆಲ್‌ಫೀಲ್ಡ್ಸ್ ಬಡಾವಣೆಯಲ್ಲಿ ಗಡಿಯಾರ ಮಾಡುವವರಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಕೈಗಳು ಅವು. ಹಸಿವೂ ಕುಶಲತೆಯೂ ಕೂಡಿದ್ದ ಇಂಥ ಊರಿನಲ್ಲಿ ಬೈಸಿಕಲ್ ಹುಟ್ಟಿ ಬೆಳೆದದ್ದು ಆಶ್ಚರ್ಯವಲ್ಲ. 1901ರಲ್ಲಿ ಸುಮಾರು 70,000 ಇದ್ದ ಜನಸಂಖ್ಯೆ ಹತ್ತೇ ವರ್ಷಗಳಲ್ಲಿ ಲಕ್ಷವನ್ನು ದಾಟಿತು.

ಇನ್ನು ಮುತ್ತಜ್ಜನ ಮಾತು. ‘ತಯಾರಕ’ ಎಂಬ ಪದದಿಂದ ಮನೆಗಳಲ್ಲಿ ದೊಡ್ಡ ಕಥೆ ಬೆಳೆದಿರುವುದು ಸಹಜ: ಮುತ್ತಜ್ಜನಿಗೆ ಸ್ವಂತ ಕಾರ್ಖಾನೆಯಿತ್ತಂತೆ, ಅವನ ಹೆಸರಿನ ಸೈಕಲ್ಲೇ ಇತ್ತಂತೆ! ಜನಗಣತಿಯ ಹಾಳೆ ಈ ಕಥೆಯನ್ನು ಮೆಲ್ಲಗೆ ತಿದ್ದುತ್ತದೆ. 1891ರಿಂದ ಆ ಹಾಳೆಗಳಲ್ಲಿ ಒಡೆಯನೋ ಕೆಲಸಗಾರನೋ ಎಂದು ಗುರುತಿಸುವ ಅಂಕಣಗಳಿವೆ. ಬಹುಪಾಲು ‘ತಯಾರಕ’ರ ಗುರುತು ಬೀಳುವುದು ಕೆಲಸಗಾರನ ಅಂಕಣದಲ್ಲಿ. ಒಬ್ಬನು ಉಕ್ಕಿನ ಕೊಳವೆಗಳನ್ನು ಹಿತ್ತಾಳೆಯಿಂದ ಬೆಸೆಯುತ್ತಿದ್ದನು. ಇನ್ನೊಬ್ಬನು ಬೆಸುಗೆಯನ್ನು ಅರದಿಂದ ಉಜ್ಜಿ ನಯಗೊಳಿಸುತ್ತಿದ್ದನು. ಮತ್ತೊಬ್ಬನು ಕಡ್ಡಿಗಳನ್ನು ಒಂದೊಂದಾಗಿ ಬಿಗಿದು, ಬೆರಳಿನಿಂದ ಮಿಡಿದು, ಚಕ್ರದ ಸೊಟ್ಟ ತೆಗೆಯುತ್ತಿದ್ದನು. ಇವರೆಲ್ಲರಿಗೂ ಗಣತಿಯವನು ಬರೆದುಕೊಂಡ ಹೆಸರು ಒಂದೇ ಆಗಿರಬಹುದು.

ಜಾಡು ಎಲ್ಲೆಡೆಯೂ ಸುಗಮವಲ್ಲ. ಇಂಗ್ಲೆಂಡಿನ ಜನಗಣತಿಯ ಹಾಳೆಗಳು ನೂರು ವರ್ಷ ತುಂಬುವವರೆಗೆ ಸಾರ್ವಜನಿಕರಿಗೆ ತೆರೆಯುವುದಿಲ್ಲ. 1921ರದು ತೆರೆದದ್ದು 2022ರಲ್ಲಿ. 1931ರ ಹಾಳೆಗಳು 1942ರ ಬೆಂಕಿಯಲ್ಲಿ ಬೂದಿಯಾದವು. 1941ರಲ್ಲಿ ಯುದ್ಧದ ದೆಸೆಯಿಂದ ಗಣತಿಯೇ ನಡೆಯಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಬರೆದ ಜನರ ಪಟ್ಟಿಯೊಂದೇ ಈ ಕಂದರಕ್ಕೆ ಹಾಕಿದ ಸೇತುವೆ. ಮುಂದಿನ ವರ್ಷ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಸುರಿಸಿದ ಬಾಂಬುಗಳಿಗೆ 500ಕ್ಕೂ ಮಿಕ್ಕಿ ಜನರು ಬಲಿಯಾದರು. ಹಾಳೆಯಲ್ಲಿರುವ ಬೀದಿಯನ್ನು ಹುಡುಕುತ್ತ ಹೋದವನಿಗೆ ಮನೆಯ ಬದಲು ಅಗಲವಾದ ಹೊಸ ರಸ್ತೆ ಎದುರಾದರೆ ಅಚ್ಚರಿಪಡಬೇಕಾಗಿಲ್ಲ.

ಅಂಥ ವೇಳೆ ಕೈಹಿಡಿಯುವುದು ಮದುವೆಯ ದಾಖಲೆ. 1837ರಿಂದ ನಡೆದುಬಂದ ಈ ದಾಖಲೆಗಳಲ್ಲಿ ವರನ ಉದ್ಯೋಗದ ಜೊತೆಗೆ ವಧೂವರರ ತಂದೆಯರ ಉದ್ಯೋಗವನ್ನೂ ಬರೆಯುತ್ತಿದ್ದರು. ಎರಡು ಮೂರು ತಲೆಮಾರಿನ ಕಾಗದಗಳನ್ನು ಸಾಲಾಗಿ ಇಟ್ಟರೆ, ತಂದೆ ರಿಬ್ಬನ್ ನೇಕಾರ, ಮಗ ಬೈಸಿಕಲ್ ತಯಾರಕ, ಮೊಮ್ಮಗ ಮೋಟಾರು ಕೆಲಸಗಾರ ಎಂದು ಕಾಣುವುದುಂಟು. ಒಂದು ಮನೆಯ ಚರಿತ್ರೆ ಆಗ ಇಡೀ ಊರಿನ ಚರಿತ್ರೆಯಾಗುತ್ತದೆ.

ಕೊನೆಗೆ ಅವನು ಹೋಗುವುದು ನಗರದ ಸಾರಿಗೆ ವಸ್ತುಸಂಗ್ರಹಾಲಯಕ್ಕೆ. ಅಲ್ಲಿ ಸಾಲುಗಟ್ಟಿ ನಿಂತ ಹಳೆಯ ಸೈಕಲ್ಲುಗಳ ಮೇಲೆ ರೋವರ್, ಸಿಂಗರ್, ಟ್ರಯಂಫ್ ಎಂಬ ಕಂಪನಿಗಳ ಹೆಸರುಗಳಿವೆ. ಬೆಸೆದವನದು, ಕಡ್ಡಿ ಬಿಗಿದವನದು ಯಾವುದರ ಮೇಲೂ ಇಲ್ಲ. ಕಾರ್ಖಾನೆಯ ಒಡೆಯನಾದ ಮುತ್ತಜ್ಜನು ಅವನಿಗೆ ಸಿಗಲಿಲ್ಲ. ಆದರೆ ನೂರು ವರ್ಷ ಕಳೆದರೂ ಸೊಟ್ಟಗಾಗದೆ ನಿಂತ ಚಕ್ರವೊಂದರ ಮುಂದೆ ಅವನು ಬಹಳ ಹೊತ್ತು ನಿಲ್ಲುತ್ತಾನೆ. ಅದನ್ನು ಕಟ್ಟಿದ ಕೈ ಯಾರದ್ದಾದರೂ ಆಗಿರಬಹುದು. ತನ್ನ ಮುತ್ತಜ್ಜನದೂ ಆಗಿರಬಹುದು.