ಒಂಬತ್ತು ವೋಲ್ಟಿನ ಪಾಠ

ಮಗಳ ಎಲೆಕ್ಟ್ರಿಕ್ ಗಿಟಾರ್ ಬಿಚ್ಚಿದ್ದು 2023ರ ಒಂದು ಭಾನುವಾರ. "ಅಪ್ಪಾ, ಸದ್ದು ಮಂಕಾಗಿದೆ. ಟೋನ್ ಪೂರ್ತಿ ತಿರುಗಿಸಿದ್ರೂ ಅಷ್ಟೇ" ಅಂತ ಅವಳ ದೂರು. ಮನೆಯಲ್ಲಿ ಏನು ಕೆಟ್ಟರೂ ಸೋಲ್ಡರಿಂಗ್ ಐರನ್ ಹಿಡಿದು ಓಡುವವನು ನಾನು. ಬಿಡ್ತೀನಾ?

ಒಳಗೆ ಇದ್ದದ್ದು ಇಷ್ಟೇ: 250ಕೆ ವಾಲ್ಯೂಮ್ ಪಾಟ್ ಒಂದು, ಟೋನ್ ಪಾಟ್ ಎರಡು, ಸಣ್ಣದೊಂದು ಕೆಪಾಸಿಟರ್. ಟೋನ್ ತಗ್ಗಿಸಿದಂತೆ ಆ ಕೆಪಾಸಿಟರ್ ಸದ್ದಿನ ಚುರುಕನ್ನೆಲ್ಲ ಗ್ರೌಂಡಿಗೆ ಹರಿಸಿಬಿಡುತ್ತೆ. ಅಂದರೆ ಈ ನಾಬ್‌ಗೆ ಕಳೆಯೋದು ಮಾತ್ರ ಗೊತ್ತು, ಕೂಡಿಸೋದು ಗೊತ್ತಿಲ್ಲ. ಸಾಲದ್ದಕ್ಕೆ ಉದ್ದನೆಯ ಕೇಬಲ್ ಕೂಡ ಒಂದಷ್ಟು ಟ್ರೆಬಲ್ ನುಂಗುತ್ತೆ. ಕೂಡಿಸಬೇಕಾದರೆ ಗಿಟಾರಿನೊಳಗೇ ಪುಟ್ಟ ಆಂಪ್ಲಿಫೈಯರ್ ಬೇಕು, ಅದಕ್ಕೊಂದು ಬ್ಯಾಟರಿ ಬೇಕು. ಇಂಗ್ಲೆಂಡಿನ ಪೀಟರ್ ಬ್ಯಾಕ್ಸಂಡಾಲ್ 1952ರಲ್ಲಿ ಪ್ರಕಟಿಸಿದ ಸರ್ಕ್ಯೂಟ್ ಇದಕ್ಕೆ ಹೇಳಿ ಮಾಡಿಸಿದ್ದು. ಬೇಸ್, ಟ್ರೆಬಲ್ ಎರಡನ್ನೂ ಏರಿಸಬಹುದು, ಇಳಿಸಬಹುದು.

ಮೊದಲೇ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿನಿಂದ ಟಿಎಲ್072 ಐಸಿ, ಅದರ ಸಾಕೆಟ್, ಎರಡು 100ಕೆ ಪಾಟ್, ಒಂಬತ್ತು ವೋಲ್ಟಿನ ಬ್ಯಾಟರಿ ತಂದಿಟ್ಟುಕೊಂಡಿದ್ದೆ. ಈ ಐಸಿಯಲ್ಲಿ ಎರಡು ಆಂಪ್ಲಿಫೈಯರ್ ಇರುತ್ತವೆ. ಒಂದು ಪಿಕಪ್‌ನ ದುರ್ಬಲ ಸಿಗ್ನಲ್ ಹೊತ್ತು ತರೋಕೆ, ಇನ್ನೊಂದು ಟೋನ್‌ಗೆ. ಸಂಜೆ ಹೊತ್ತಿಗೆ ಗಿಟಾರ್ ಫಳಫಳ ಅಂತ ನುಡೀತು. ಮಗಳು ಕುಣಿದಾಡಿದಳು, ನಾನು ಬೀಗಿದೆ.

ಮುಂದಿನ ಸೋಮವಾರ ಅವಳ ಕಾಲೇಜಿನಲ್ಲಿ ಕಾರ್ಯಕ್ರಮ. ಎರಡನೇ ಹಾಡಿನ ನಡುವೆ ಸದ್ದು ಕರಕರ ಅಂತು, ಒಡೀತು, ನಿಂತೇಹೋಯಿತು. ಮಗಳು ವೇದಿಕೆ ಮೇಲೆ ನಾಬ್ ತಿರುಗಿಸ್ತಾ ನಿಂತಿದ್ದಾಳೆ, ನಾನು ಮೂರನೇ ಸಾಲಿನಲ್ಲಿ ಕೂತು ಬೆವರ್ತಾ ಇದ್ದೀನಿ. ಕೊನೆಗೆ ಗೆಳತಿಯೊಬ್ಬಳು ತನ್ನ ಗಿಟಾರ್ ಕೊಟ್ಟಳು. ವಾಪಸ್ ಬರುವಾಗ ಲೋಕಲ್ ಟ್ರೇನಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಮುಂಚೆ ಮಂಕಾಗಿಯಾದ್ರೂ ನುಡೀತಿತ್ತು ಅಪ್ಪಾ."

ರಾತ್ರಿ ಕೂತು ಲೆಕ್ಕ ಹಾಕಿದೆ. ಆ ಐಸಿ ಎಳೆಯೋದು ಸುಮಾರು 2.8 ಮಿಲಿಆಂಪ್. ಬ್ಯಾಟರಿಯಲ್ಲಿರೋದು ಹೆಚ್ಚೆಂದರೆ 500 ಮಿಲಿಆಂಪ್-ಗಂಟೆ. ಅಂದರೆ ಏಳು ದಿನದ ಮೇಲೆ ಸ್ವಲ್ಪ. ನಾನೋ, ಸ್ವಿಚ್ ಆಮೇಲೆ ಹಾಕಿದರಾಯ್ತು ಅಂತ ಬ್ಯಾಟರಿಯನ್ನು ನೇರ ಜೋಡಿಸಿಬಿಟ್ಟಿದ್ದೆ! ಗಿಟಾರ್ ಮೂಲೆಯಲ್ಲಿ ಮಲಗಿದ್ದಾಗಲೂ ಐಸಿ ಎಚ್ಚರವಾಗೇ ಇತ್ತು. ಎರಡು ನಿಮಿಷದ ಭಾಗಾಕಾರ ಮೊದಲೇ ಮಾಡಿದ್ದರೆ ಮಗಳಿಗೆ ಆ ಅವಮಾನ ತಪ್ತಿತ್ತು.

ಮರುವಾರ ಮೂರು ಬದಲಾವಣೆ ಮಾಡಿದೆ. ಮಾನೋ ಜ್ಯಾಕ್ ತೆಗೆದು ಸ್ಟೀರಿಯೋ ಜ್ಯಾಕ್ ಹಾಕಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಅದರ ರಿಂಗ್‌ಗೆ ಬೆಸೆದೆ. ಈಗ ಕೇಬಲ್ ಚುಚ್ಚಿದಾಗ ಮಾತ್ರ ಬ್ಯಾಟರಿ ಕೆಲಸ ಮಾಡುತ್ತೆ. ಅದೇ ಸಾಕೆಟ್ಟಿಗೆ ಟಿಎಲ್062 ಕೂರಿಸಿದೆ. ಅದು ಎಳೆಯೋದು ಸುಮಾರು 0.4 ಮಿಲಿಆಂಪ್ ಅಷ್ಟೇ. ಮೂರನೆಯದೇ ಮುಖ್ಯ: ಒಂದು ಬೈಪಾಸ್ ಸ್ವಿಚ್. ಒತ್ತಿದರೆ ಸಿಗ್ನಲ್ ಸರ್ಕ್ಯೂಟನ್ನು ಬಿಟ್ಟು ವಾಲ್ಯೂಮ್ ಪಾಟ್‌ನಿಂದ ನೇರ ಜ್ಯಾಕ್‌ಗೆ ಹೋಗುತ್ತೆ.

ಮಗಳು ನನ್ನ ವಿವರಣೆ ಯಾವುದನ್ನೂ ಕೇಳಲಿಲ್ಲ. ಬ್ಯಾಟರಿ ಕಿತ್ತು ನನ್ನ ಕೈಗಿಟ್ಟಳು, ಸ್ವಿಚ್ ಒತ್ತಿದಳು, ತಂತಿ ಮೀಟಿದಳು. ಮಂಕಾಗಿ ನುಡೀತು. "ಈಗ ಸರಿ" ಅಂದಳು.

ನೀವೂ ಮಾಡೋದಿದ್ದರೆ ಬೈಪಾಸ್ ಸ್ವಿಚ್ ಮೊದಲು ಹಾಕಿ. ಟ್ರೆಬಲ್ ಆಮೇಲೆ.