ಒಟ್ಟು ಲೋಡು

ವೈರ್‌ಮನ್ ಪರ್ಮಿಟ್ ಪರೀಕ್ಷೆಯ ಪುಸ್ತಕದಲ್ಲಿ ಬರುವಂಥ ಶಿಸ್ತಿನ ಮನೆಯನ್ನು ನಾನು ಅರಸೀಕೆರೆ ಸೀಮೆಯಲ್ಲಿ ಎಲ್ಲೂ ಕಂಡಿಲ್ಲ. ಪುಸ್ತಕದ ಮನೆಯಲ್ಲಿ ಹನ್ನೆರಡು ದೀಪ, ಐದು ಫ್ಯಾನು, ಎಂಟು ಸಣ್ಣ ಪ್ಲಗ್ಗು, ಎರಡು ಪವರ್ ಪ್ಲಗ್ಗು. ದೀಪಕ್ಕೆ 60 ವ್ಯಾಟ್, ಫ್ಯಾನಿಗೂ 60, ಸಣ್ಣ ಪ್ಲಗ್ಗಿಗೆ 100, ಪವರ್ ಪ್ಲಗ್ಗಿಗೆ 1000. ಕೂಡಿದರೆ 3820. ಅದನ್ನು 230ರಿಂದ ಭಾಗಿಸಿದರೆ 16.6 ಆಂಪಿಯರ್. ಒಂದು ಸರ್ಕ್ಯೂಟಿನಲ್ಲಿ ಹತ್ತು ಪಾಯಿಂಟು, 800 ವ್ಯಾಟ್ ಮೀರಬಾರದು. ಹಾಗಾಗಿ ದೀಪ, ಫ್ಯಾನು, ಸಣ್ಣ ಪ್ಲಗ್ಗಿಗೆ ಮೂರು ಸರ್ಕ್ಯೂಟು, ಪವರಿಗೆ ಒಂದು. (ಪೇಟೆಯಲ್ಲಿ ಈಗ ಎಲ್ಲಿ ನೋಡಿದರೂ 9 ವ್ಯಾಟಿನ ಎಲ್‌ಇಡಿ. ಗುಂಡು ಬಲ್ಬು ಪರೀಕ್ಷೆಯಲ್ಲಿ ಮಾತ್ರ ಇನ್ನೂ ಉರಿಯುತ್ತಿದೆ.) ಆ ಮನೆಯಲ್ಲಿ ಯಾರಿದ್ದಾರೆ ಅನ್ನೋದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ.

ನನಗೆ ಕೆಲಸ ಕಲಿಸಿದ ಗುರುಗಳು ಮೊದಲು ಕೇಳುತ್ತಿದ್ದುದೇ ಅದನ್ನು. ಕೊಟ್ಟ ಕಾಫಿ ಕುಡಿಯುತ್ತಾ, “ಮಗನಿಗೆ ಹೆಣ್ಣು ಎಲ್ಲಿ ನೋಡಿದ್ರಿ?” ಅನ್ನೋರು. ಬೆಂಗಳೂರಿನ ಸೊಸೆ ಅಂದರೆ ಅಡುಗೆಮನೆಗೆ ಒಂದು ಪ್ಲಗ್ಗು ಹೆಚ್ಚು. ಯಜಮಾನರು ಹಂಡೆ ನೀರೇ ಬೇಕು ಅನ್ನುವ ಪೈಕಿಯಾದರೆ ಗೀಸರ್ ಲೈನ್ ಸದ್ಯಕ್ಕೆ ಬೇಡ, ಪೈಪು ಮಾತ್ರ ಇರಲಿ. ಹೀಗೆ ಊರಿನ ಅರ್ಧ ಸಂಸಾರಗಳ ಗುಟ್ಟು ತಿಳಿದುಕೊಂಡು, ಗಾರೆ ಹಸಿಯಿರುವ ಗೋಡೆಯ ಮೇಲೆ ಮೊಳೆಯಿಂದ ನಾಲ್ಕು ಗೀರು ಎಳೆದರೆ ಲೆಕ್ಕ ಮುಗಿಯಿತು. ತ್ರೀ ಫೇಸ್ ಲೆಕ್ಕದ ರೂಟ್ ಮೂರು ಅಂದರೇನು ಅಂತ ಅವರಿಗೆ ತಿಳಿಯದು. ಅವರು ಎಳೆದ ವೈರು ಬಿಸಿಯಾಗಿದ್ದನ್ನು ನಾನಂತೂ ನೋಡಿಲ್ಲ.

ಈಗ ಆ ಪರ್ಮಿಟ್ ಪರೀಕ್ಷೆಗೆ ನಾನೇ ಓದುತ್ತಿದ್ದೇನೆ; ರಾತ್ರಿ ಊಟವಾದ ಮೇಲೆ ಮಗಳು ನನಗೆ ಮಾಸ್ತರು. ಡೈವರ್ಸಿಟಿ ಫ್ಯಾಕ್ಟರ್ ಪಾಠದ ದಿನ ಅವಳು ಓದಿ ಹೇಳಿದಳು: ಮನೆಯ ಎಲ್ಲಾ ಉಪಕರಣಗಳೂ ಒಂದೇ ಹೊತ್ತಿಗೆ ಓಡುವುದಿಲ್ಲ, ಆದ್ದರಿಂದ ಬೇಡಿಕೆ ಒಟ್ಟು ಲೋಡಿಗಿಂತ ಕಡಿಮೆ. ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ, “ಬರೆದೋರಿಗೆ ಬೆಳಿಗ್ಗೆ ಏಳು ಗಂಟೆಗೆ ನಮ್ಮನೆಗೆ ಬರೋಕ್ಹೇಳ್ರೀ” ಅಂದಳು. ಗೀಸರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮೋಟರು ಎಲ್ಲವೂ ಒಟ್ಟಿಗೆ. “ಅಪ್ಪಾ, ಉತ್ತರ ಸರಿ, ಆಂಪಿಯರ್ ಅಂತ ಬರೀಲಿಲ್ಲ, ಅರ್ಧ ಮಾರ್ಕು ಕಟ್,” ಎಂದು ಮಗಳು ಕೆಂಪು ಪೆನ್ನು ಎತ್ತಿಕೊಂಡಳು.

ನನ್ನ ಅಜ್ಜಿ ಮನೆಯನ್ನು ಈ ಪುಸ್ತಕದೊಳಗೆ ಕೂರಿಸಲು ನೋಡಿದೆ, ಕೂರಲಿಲ್ಲ. ಭಾಗ್ಯಜ್ಯೋತಿ ಯೋಜನೆಯ ಒಂದೇ 40 ವ್ಯಾಟಿನ ಬಲ್ಬು. ಅಡುಗೆಮನೆಗೂ ನಡುಮನೆಗೂ ಮಧ್ಯದ ಗೋಡೆಯಲ್ಲಿ ಒಂದು ಕಿಂಡಿ ಕೊರೆದು ಅದರಲ್ಲಿ ಬಲ್ಬು ಕೂರಿಸಿದ್ದರು. ಆಚೆ ಕಡೆ ಅಜ್ಜಿ ಮುದ್ದೆ ತೊಳಸೋಳು, ಈಚೆ ಕಡೆ ನಾವು ಮಗ್ಗಿ ಒದರುತ್ತಿದ್ದೆವು. ಕೋಣೆ ಎರಡು, ಪಾಯಿಂಟು ಒಂದು. ಅಜ್ಜಿ ಅಡ್ಡ ಬಂದರೆ ನಮ್ಮ ಮಗ್ಗಿ ನಿಂತುಹೋಗುತ್ತಿತ್ತು. ಇದಕ್ಕೆ ಯಾವ ಫ್ಯಾಕ್ಟರ್ ಹಾಕಬೇಕು ಅಂತ ಮಗಳನ್ನು ಕೇಳಿದೆ. “ಸಿಲಬಸ್ಸಲ್ಲಿಲ್ಲ” ಅಂದಳು.

ಮೊನ್ನೆ ಪಕ್ಕದ ಹಳ್ಳಿಯಲ್ಲಿ ರೀವೈರಿಂಗ್ ಕೆಲಸ. ಐದು ಕೋಣೆಯ ಮನೆ, ಇರುವವರು ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿದೆ. ಉರಿಯುತ್ತಿದ್ದುದು ಒಂದು ಟ್ಯೂಬ್‌ಲೈಟು, ತಿರುಗುತ್ತಿದ್ದುದು ಒಂದು ಫ್ಯಾನು. ಮಂಜೂರಾದ ಲೋಡು ಮಾತ್ರ 5 ಕಿಲೋವ್ಯಾಟ್. ಬಳಸಿದರೂ ಬಿಟ್ಟರೂ ತಿಂಗಳು ತಿಂಗಳು ಅದಕ್ಕೆ ನಿಗದಿತ ಶುಲ್ಕ. ಪರೀಕ್ಷೆಗೆ ಓದುತ್ತಿರುವ ಹುರುಪಿನಲ್ಲಿ, “ಅಮ್ಮಾ, ಲೋಡು ಕಡಿಮೆ ಮಾಡಿಸಿ, ಬಿಲ್ಲೂ ಇಳಿಯುತ್ತೆ. ಮಹಡಿ ಮೇಲಿನ ಗೀಸರ್ ಲೈನ್ ಹ್ಯಾಗೂ ಯಾರೂ ಮುಟ್ಟಲ್ಲ,” ಅಂದೆ.

“ಅದು ಮಗನ ರೂಮಪ್ಪ. ಹೊಸ ವೈರು ಅಲ್ಲಿಗೇ ಮೊದಲು ಎಳಿ.”

“ಯಾವಾಗ ಬರ್ತಾರೆ?”

“ನೀನು ಕರೆಂಟಿನೋನಾ, ಜೋಯಿಸನಾ?”

ಗೀಸರಿಗೆ ಬೇಕಾದ ದಪ್ಪ ಫೋರ್ ಸ್ಕ್ವೇರ್ ವೈರನ್ನೇ ಎಳೆದು ಬಂದೆ.